ಚೌಕಟ್ಟು

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಕುಮುದ್ವತಿ ನದಿಯ ಸೀಮೆಗೆ ಸೇರಿದ ಹಳೆಯ ಊರು. ಬಹುಕಾಲ ಹಿರೇಕೆರೂರು ತಾಲ್ಲೂಕಿನ ಒಂದು ಭಾಗವಾಗಿದ್ದ ಈ ಊರು ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಇಲ್ಲಿನ ಕದಂಬೇಶ್ವರ ದೇವಾಲಯ ಕಲ್ಯಾಣದ ಚಾಲುಕ್ಯರ ಶೈಲಿಯದು. ಮೂರು ಗರ್ಭಗೃಹಗಳುಳ್ಳ ತ್ರಿಕೂಟ ದೇವಾಲಯ. ಗುಡಿಗೆ ಬಂದವರು ಕೈಮುಗಿದು ಒಳಗಿನ ದೇವರನ್ನು ನೋಡುತ್ತಾರೆ. ತಾವು ದೇವರನ್ನು ಕಾಣುತ್ತಿರುವುದು ಒಂದು ಬಾಗಿಲುವಾಡದ ಮೂಲಕ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಚಾಲುಕ್ಯರ ಕಾಲದ ಶಿಲ್ಪಿಗಳು ಮಾತ್ರ ಬಾಗಿಲುವಾಡವನ್ನು ಹಗುರವಾಗಿ ಎಣಿಸಿದವರಲ್ಲ. ಅದರ ಪಟ್ಟಿಕೆಗಳಿಗೆ ಅವರು ಶಾಖೆಗಳೆಂದು ಹೆಸರಿಟ್ಟಿದ್ದರು. ಬಳ್ಳಿಯ ಶಾಖೆ, ಕಂಬದ ಶಾಖೆ ಎಂದು ಒಂದರ ಪಕ್ಕದಲ್ಲಿ ಒಂದನ್ನು ಕಡೆದು, ಮೇಲಿನ ತೊಲೆಯ ನಡುವೆ ಲಲಾಟಬಿಂಬವನ್ನು ಇರಿಸುತ್ತಿದ್ದರು. ಲಲಾಟವೆಂದರೆ ಹಣೆ. ಬಾಗಿಲಿನ ಹಣೆಯ ಮೇಲೆ ಕುಳಿತ ಆ ಕಿರುಮೂರ್ತಿ ಬಂದವರನ್ನು ಮೊದಲು ಎದುರುಗೊಳ್ಳುತ್ತದೆ. ಗದಗದ ಸಮೀಪದ ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿ ಈ ಕಲೆ ತನ್ನ ತುದಿಯನ್ನು ಮುಟ್ಟಿದೆ. ಅಲ್ಲಿ ಕಲ್ಲು ಕಲ್ಲಾಗಿ ಉಳಿಯದೆ ಕಸೂತಿಯಾಗಿದೆ. ಅಷ್ಟೆಲ್ಲ ಕುಸುರಿಯ ಕೆಲಸವಿದ್ದರೂ ನಡುವಿನ ತೆರವನ್ನು ಶಿಲ್ಪಿ ತೆರವಾಗಿಯೇ ಉಳಿಸಿದ್ದಾನೆ. ಏಕೆಂದರೆ ಜನರು ಬಂದಿರುವುದು ಬಾಗಿಲನ್ನು ನೋಡುವುದಕ್ಕಲ್ಲ, ಬಾಗಿಲ ಆಚೆಗಿರುವುದನ್ನು ನೋಡುವುದಕ್ಕೆ.

ಈ ಮಾತು ಗುಡಿಯ ಬಾಗಿಲಿಗೆ ಸಲ್ಲುವಂತೆಯೇ ಇಂದಿನ ಗಣಕಯಂತ್ರದ ಪರದೆಗೂ ಸಲ್ಲುತ್ತದೆ. ಗಣಕಯಂತ್ರದ ಮುಂದೆ ಕುಳಿತವನು ಪತ್ರ ಬರೆಯುವಾಗ, ಚಿತ್ರ ನೋಡುವಾಗ, ಲೆಕ್ಕ ಮಾಡುವಾಗ ಪ್ರತಿಯೊಂದು ಕೆಲಸವೂ ಒಂದೊಂದು ಚೌಕದೊಳಗೆ ತೆರೆದುಕೊಳ್ಳುತ್ತದೆ. ಆ ಚೌಕಕ್ಕೆ ಕಿಟಕಿ ಎಂದು ಹೆಸರು. ಕಿಟಕಿಯ ಸುತ್ತ ಒಂದು ಅಂಚು. ಮೇಲ್ಗಡೆ ಶೀರ್ಷಿಕೆಯ ಪಟ್ಟಿ. ಪಟ್ಟಿಯ ಮೂಲೆಯಲ್ಲಿ ಕಿಟಕಿಯನ್ನು ಮುಚ್ಚಲು, ಹಿಗ್ಗಿಸಲು, ಮರೆಮಾಡಲು ಎರಡು ಮೂರು ಗುಂಡಿಗಳು. ದಿನವೂ ನೂರು ಸಲ ಕಣ್ಣಿಗೆ ಬೀಳುವ ಈ ಚೌಕಟ್ಟು ಯಾರ ಗಮನವನ್ನೂ ಸೆಳೆಯುವುದಿಲ್ಲ. ಅದನ್ನೂ ಯಾರೋ ಒಬ್ಬರು ಕುಳಿತು, ಅಳೆದು, ಬಣ್ಣ ಆರಿಸಿ ಮಾಡಿರಬೇಕು ಎಂಬ ಯೋಚನೆಯೇ ಹೆಚ್ಚಿನವರಿಗೆ ಬರುವುದಿಲ್ಲ.

ರಟ್ಟೀಹಳ್ಳಿಯ ಬಡಗಿಯೊಬ್ಬನ ಮಗಳಿಗೆ ಈ ಯೋಚನೆ ಬಂದಿತು. ಅವಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಣ್ಣ ಹೊಸ ಗಣಕಯಂತ್ರವನ್ನು ಕೊಂಡಾಗ ಹಳೆಯದನ್ನು ತಂಗಿಗೆ ತಂದುಕೊಟ್ಟಿದ್ದನು. ಹಳೆಯ ಯಂತ್ರಕ್ಕೆ ಹೊಸ ಕಾಲದ ಭಾರ ಹೊರುವ ಶಕ್ತಿ ಇರಲಿಲ್ಲವಾದುದರಿಂದ ಅದರಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನೂ, ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರಿಸರವನ್ನೂ ಹಾಕಿಕೊಟ್ಟಿದ್ದನು. ಒಂದು ದಿನ ಹುಡುಗಿ ಅಣ್ಣನನ್ನು ಕೇಳಿದಳು: "ಈ ಕಿಟಕಿಗಳ ಚೌಕಟ್ಟನ್ನು ಮಾಡಿದವರು ಯಾರು?" ಅಣ್ಣ ನಗುತ್ತ, "ಬೇಕಾದರೆ ನೀನೂ ಮಾಡಬಹುದು" ಎಂದನು. ಬಡಗಿಯ ಮನೆಯಲ್ಲಿ ಹುಟ್ಟಿದವಳಿಗೆ ಆ ಒಂದು ಮಾತು ಸಾಕಾಯಿತು.

ಅಣ್ಣನ ಆ ಮಾತು ಸುಲಭವಾಗಿ ಲಭಿಸಿದ ಸ್ವಾತಂತ್ರ್ಯವಲ್ಲ. ಅದರ ಹಿಂದೆ ಒಂದು ಚರಿತ್ರೆ ಉಂಟು. ಕಿಟಕಿಗಳುಳ್ಳ ಪರದೆಯ ಕಲ್ಪನೆ ಮೊಳೆತದ್ದು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ. ಅಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೊ ಎಂಬ ಯಂತ್ರ ಆ ದಾರಿಯನ್ನು ತೆರೆಯಿತು. 1984ರಲ್ಲಿ ಆಪಲ್ ಸಂಸ್ಥೆಯ ಮೆಕಿಂಟಾಶ್, 1985ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಬಂದುವು. ಮೆಕಿಂಟಾಶಿನ ಮೊದಲ ಪರದೆಯಲ್ಲಿ ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಆದರೂ ಯಾವ ಕಿಟಕಿಯಲ್ಲಿ ಕೆಲಸ ನಡೆಯುತ್ತಿದೆಯೋ ಅದರ ಶೀರ್ಷಿಕೆಯ ಪಟ್ಟಿಯಲ್ಲಿ ಅಡ್ಡಗೆರೆಗಳನ್ನೆಳೆದು, ಉಳಿದವುಗಳ ಪಟ್ಟಿಯನ್ನು ಬರಿದಾಗಿ ಬಿಟ್ಟು, ಎರಡರ ಭೇದವನ್ನು ಸ್ಪಷ್ಟವಾಗಿ ತೋರಿಸಿದ್ದರು. ಅಂತಹ ಯಂತ್ರಗಳಲ್ಲಿ ಚೌಕಟ್ಟು ಹೇಗಿರಬೇಕೆಂಬುದನ್ನು ತಯಾರಕರೇ ನಿಶ್ಚಯಿಸುತ್ತಿದ್ದರು. ಕೊಂಡವನು ಕೊಟ್ಟ ಚೌಕಟ್ಟಿನಲ್ಲಿ ಇರಬೇಕಾಗಿತ್ತು.

ಅದೇ 1984ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಎಂಬಿಬ್ಬರು ಬೇರೊಂದು ದಾರಿಯನ್ನು ಹಿಡಿದರು. ಅವರು ಕಟ್ಟಿದ ವ್ಯವಸ್ಥೆಗೆ ಎಕ್ಸ್ ಎಂದು ಹೆಸರು. ಕಿಟಕಿಗಳನ್ನು ತೆರೆಯುವ ಸಾಮರ್ಥ್ಯವನ್ನು ವ್ಯವಸ್ಥೆ ಒದಗಿಸಬೇಕು, ಕಿಟಕಿ ಹೇಗೆ ಕಾಣಬೇಕೆಂಬ ಕಟ್ಟಳೆಯನ್ನು ಅದು ವಿಧಿಸಬಾರದು ಎಂಬುದು ಅದರ ಮೂಲತತ್ತ್ವ. ಆದುದರಿಂದ ಅಂಚು, ಶೀರ್ಷಿಕೆ, ಗುಂಡಿಗಳನ್ನು ಹಾಕುವ ಕೆಲಸವನ್ನು ಬೇರೆಯೇ ಒಂದು ತಂತ್ರಾಂಶಕ್ಕೆ ಬಿಟ್ಟುಕೊಟ್ಟರು. ಅದನ್ನು ವಿಂಡೋ ಮ್ಯಾನೇಜರ್ ಎಂದು ಕರೆಯುತ್ತಾರೆ. ಕಿಟಕಿಗಳ ಮೇಲ್ವಿಚಾರಕ ಎನ್ನಬಹುದು. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಎಂಬಾತನು ಬರೆದ ಟಿಡಬ್ಲ್ಯುಎಂ ಎಂಬ ಮೇಲ್ವಿಚಾರಕದಲ್ಲಿ, ಬಳಸುವವನು ಒಂದು ಸಣ್ಣ ಕಡತದಲ್ಲಿ ನಾಲ್ಕು ಸಾಲು ಬರೆದು ಬಣ್ಣಗಳನ್ನು ಬದಲಿಸಿಕೊಳ್ಳಬಹುದಾಗಿತ್ತು. ಮುಂದೆ ಎನ್‌ಲೈಟನ್‌ಮೆಂಟ್, ವಿಂಡೋ ಮೇಕರ್, ಓಪನ್‌ಬಾಕ್ಸ್ ಮೊದಲಾದ ಹಲವು ಮೇಲ್ವಿಚಾರಕಗಳು ಹುಟ್ಟಿದುವು. ಒಂದು ಚೌಕಟ್ಟಿನ ಬಣ್ಣ, ಅಳತೆ, ಚಿತ್ರಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಕೋಶದಲ್ಲಿ ಇರಿಸುವ ಪದ್ಧತಿಯೂ ಬೆಳೆಯಿತು. ಅಂತಹ ಒಂದು ಕಟ್ಟಿಗೆ ಥೀಮ್ ಎಂದು ಹೆಸರು. ದೂರದ ಇಬ್ಬರು ತಮ್ಮ ಅಧಿಕಾರವನ್ನು ಸ್ವಲ್ಪ ಬಿಟ್ಟುಕೊಟ್ಟುದರಿಂದ ರಟ್ಟೀಹಳ್ಳಿಯ ಬಾಲಕಿಯ ಕೈಗೆ ಒಂದು ಉಳಿ ಬಂದಿತು.

ಹುಡುಗಿ ಮೊದಲು ಮಾಡಿದ ಕೆಲಸ ಇದ್ದುದನ್ನು ಬಿಚ್ಚಿ ನೋಡಿದುದು. ಯಾರೋ ಮಾಡಿಟ್ಟಿದ್ದ ಒಂದು ಥೀಮನ್ನು ನಕಲುಮಾಡಿ ತನ್ನ ಕೋಶದೊಳಗೆ ಇರಿಸಿಕೊಂಡಳು. ತೆರೆದು ನೋಡಿದರೆ ಅದರೊಳಗೆ ಸಣ್ಣ ಸಣ್ಣ ಚಿತ್ರಗಳ ರಾಶಿ. ಶೀರ್ಷಿಕೆಯ ಪಟ್ಟಿಗೆ ಐದು ತುಂಡು, ಮೇಲಿನ ಮೂಲೆಗಳಿಗೆ ಎರಡು, ಎಡಬಲದ ಅಂಚುಗಳಿಗೆ ಎರಡು, ಕೆಳಗಿನ ಅಂಚಿಗೂ ಅದರ ಮೂಲೆಗಳಿಗೂ ಮೂರು. ಹೀಗೆ ಒಂದು ಚೌಕಟ್ಟಿಗೆ 12 ತುಂಡುಗಳು. ಕೆಲಸ ನಡೆದಿರುವ ಕಿಟಕಿಗೆ ಒಂದು ಬಗೆ, ಸುಮ್ಮನಿರುವ ಕಿಟಕಿಗೆ ಇನ್ನೊಂದು ಬಗೆ ಬೇಕಾದುದರಿಂದ ಅವು 24 ಆದುವು. ಗುಂಡಿಗಳು ಆರು. ಪ್ರತಿಯೊಂದಕ್ಕೂ ಎಚ್ಚರದ ರೂಪ, ಮಂಕಾದ ರೂಪ, ಒತ್ತಿದಾಗಿನ ರೂಪ ಎಂದು ಮೂರು ರೂಪಗಳು. ಅಲ್ಲಿಗೆ 18. ಒಟ್ಟು 42 ಚಿತ್ರಗಳು. ಅಪ್ಪನ ಕೆಲಸದ ಮನೆಯಲ್ಲಿ ಚೌಕಟ್ಟಿನ ಹೊಸ್ತಿಲು, ನಿಲುವುಗಂಬ, ಮೇಲಿನ ಪಟ್ಟಿಗಳು ಜೋಡಿಸುವ ಮುನ್ನ ಬಿಡಿಬಿಡಿಯಾಗಿ ಗೋಡೆಗೆ ಒರಗಿರುವುದನ್ನು ಅವಳು ನೋಡಿದ್ದಳು. ಇದೂ ಹಾಗೆಯೇ ಎನ್ನಿಸಿತು. ಮರದ ಚೌಕಟ್ಟನ್ನು ಒಮ್ಮೆ ಜೋಡಿಸಿದರೆ ಅದರ ಅಳತೆ ಬದಲಾಗುವುದಿಲ್ಲ. ಇಲ್ಲಿ ಮಾತ್ರ ಕಿಟಕಿ ಹಿಗ್ಗಬೇಕು, ಕುಗ್ಗಬೇಕು. ಅದಕ್ಕಾಗಿಯೇ ಮೂಲೆಗಳನ್ನು ಬೇರೆಯಾಗಿ ಮಾಡಿರುತ್ತಾರೆ. ಕಿಟಕಿ ದೊಡ್ಡದಾದಾಗ ಮೂಲೆಗಳು ಇದ್ದಂತೆಯೇ ಇರುತ್ತವೆ. ನಡುವಿನ ತುಂಡು ಮಾತ್ರ ಮತ್ತೆ ಮತ್ತೆ ಪುನರಾವೃತ್ತಿಗೊಂಡು ಉದ್ದವನ್ನು ತುಂಬುತ್ತದೆ.

ಆ ಚಿತ್ರಗಳನ್ನು ಬರೆದಿಟ್ಟ ರೀತಿ ಅವಳಿಗೆ ಇನ್ನೂ ಹೆಚ್ಚು ಆಶ್ಚರ್ಯವನ್ನುಂಟುಮಾಡಿತು. ಪರದೆ ಎಂಬುದು ಚುಕ್ಕೆಗಳ ಸಮೂಹ. ಆ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಅವಳ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು. ಒಟ್ಟು ಹತ್ತು ಲಕ್ಷಕ್ಕೂ ಮಿಕ್ಕು. ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು. ಒಂದೊಂದಕ್ಕೂ 0ಯಿಂದ 255ರವರೆಗೆ ಮೆಟ್ಟಿಲುಗಳು. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳು ಹುಟ್ಟುತ್ತವೆ. ಥೀಮಿನ ಚಿತ್ರಗಳು ಎಕ್ಸ್‌ಪಿಎಂ ಎಂಬ ರೀತಿಯವು. ಅವುಗಳನ್ನು ಬರವಣಿಗೆಯಂತೆಯೇ ತೆರೆದು ಓದಬಹುದು. ಮೊದಲ ಸಾಲಿನಲ್ಲಿ ಚಿತ್ರದ ಅಗಲ, ಎತ್ತರ, ಬಣ್ಣಗಳ ಸಂಖ್ಯೆ. ಬಳಿಕ ಯಾವ ಅಕ್ಷರ ಯಾವ ಬಣ್ಣವನ್ನು ಸೂಚಿಸುತ್ತದೆ ಎಂಬ ಪಟ್ಟಿ. ಆಮೇಲೆ ಚುಕ್ಕೆಗೊಂದರಂತೆ ಅಕ್ಷರಗಳ ಸಾಲುಗಳು. ಅಕ್ಷರವನ್ನು ಬದಲಿಸಿದರೆ ಚುಕ್ಕೆಯ ಬಣ್ಣ ಬದಲಾಗುತ್ತದೆ. ಒಂದು ಸಾಲಿನಲ್ಲಿ ಒಂದು ಅಕ್ಷರ ಕಡಿಮೆಯಾದರೂ ಚಿತ್ರ ಕೆಡುತ್ತದೆ.

ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಅದನ್ನು ಕಂಡು, ಇದು ಕಸೂತಿಯಲ್ಲದೆ ಮತ್ತೇನು ಎಂದಳು. ಅವಳು ಹೇಳಿದ್ದು ನಿಜ. ಧಾರವಾಡದ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ನಕ್ಷೆಯನ್ನು ಬರೆದುಕೊಳ್ಳುವುದಿಲ್ಲ. ನೂಲಿನ ಎಳೆಗಳನ್ನು ಎಣಿಸುತ್ತ ಹೋಗಬೇಕು. ಗಂಟಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಿಂದ ಗೋಪುರ, ತೇರು, ತುಳಸಿಕಟ್ಟೆಗಳು ಇಳಕಲ್ ಸೀರೆಯ ಮೇಲೆ ಎದ್ದುನಿಲ್ಲುತ್ತವೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ತೇರು ಓರೆಯಾಗುತ್ತದೆ. ಮೆಕಿಂಟಾಶಿನ ಮೊದಲ ಸಂಕೇತಚಿತ್ರಗಳನ್ನು ರಚಿಸಿದ ಸೂಸನ್ ಕೇರ್ ಎಂಬ ಕಲಾವಿದೆಯೂ ಚೌಕುಳಿಯ ಕಾಗದದ ಮೇಲೆ ಒಂದೊಂದೇ ಮನೆಯನ್ನು ತುಂಬುತ್ತ ಕೆಲಸ ಮಾಡಿದವಳು. ಎಣಿಸಿ ಹೊಲಿಯುವ ಕಸೂತಿಗೂ ಚುಕ್ಕೆಗಳ ಚಿತ್ರಕ್ಕೂ ಇರುವ ನಂಟನ್ನು ಆಕೆಯೂ ಬಲ್ಲಳು. ಹುಡುಗಿ ಅಜ್ಜಿಯ ಹಳೆಯ ಕುಪ್ಪಸವನ್ನು ಎದುರಿಗಿಟ್ಟುಕೊಂಡು ಗುಂಡಿಗಳನ್ನು ಬರೆದಳು. ಮುಚ್ಚುವ ಗುಂಡಿಗೆ ಕತ್ತರಿಸಿ ಹಾಯುವ ಎರಡು ಗೆರೆ, ಹಿಗ್ಗಿಸುವ ಗುಂಡಿಗೆ ಸಣ್ಣ ಗೋಪುರ, ಮರೆಮಾಡುವ ಗುಂಡಿಗೆ ಒಂದು ಅಡ್ಡಗೆರೆ.

ಹೊಸ ಉಳಿಯನ್ನು ಹಿಡಿದವನು ಸಿಕ್ಕಿದ ಮರವನ್ನೆಲ್ಲ ಕೆತ್ತಬಯಸುವುದು ಸಹಜ. ಹುಡುಗಿಗೂ ಹಾಗೆಯೇ ಆಯಿತು. ಗುಡಿಯ ಬಾಗಿಲುವಾಡದ ಚೆಲುವನ್ನು ಪರದೆಗೆ ತರಬೇಕೆಂದು ಅವಳು ಅಂಚುಗಳನ್ನು ಅಗಲಗೊಳಿಸಿ ಮೂರು ಶಾಖೆಗಳನ್ನು ಬರೆದಳು. ಬಳ್ಳಿಗೆ ಹಸಿರು, ಹೂವಿಗೆ ಕುಂಕುಮದ ಬಣ್ಣ, ಕಂಬಕ್ಕೆ ಹೊನ್ನಿನ ಬಣ್ಣ. ಒಂದು ಕಿಟಕಿಯನ್ನು ತೆರೆದಾಗ ಅದು ಚೆನ್ನಾಗಿಯೇ ಕಂಡಿತು. ನಾಲ್ಕು ಕಿಟಕಿಗಳನ್ನು ತೆರೆದಾಗ ಪರದೆ ಜಾತ್ರೆಯ ಬೀದಿಯಾಯಿತು. ಅರ್ಧ ಗಂಟೆ ಓದುವಷ್ಟರಲ್ಲಿ ಕಣ್ಣು ಸೋತಿತು. ಕಣ್ಣು ಪಾಠದ ಸಾಲನ್ನು ಬಿಟ್ಟು ಬಳ್ಳಿಯ ಹಿಂದೆ ಹೋಗುತ್ತಿತ್ತು. ಗುಡಿಯಲ್ಲಿ ಬಾಗಿಲುವಾಡದ ಮುಂದೆ ಮನುಷ್ಯ ನಿಲ್ಲುವುದು ಕೆಲವು ನಿಮಿಷ. ಇಲ್ಲಿ ದಿನವೆಲ್ಲ ಕುಳಿತಿರಬೇಕು. ಒಂದೆಡೆ ಶೋಭಿಸುವ ಅಲಂಕಾರ ಇನ್ನೊಂದೆಡೆ ಹೊರೆಯಾಗುವುದನ್ನು ಅವಳು ಕಂಡುಕೊಂಡಳು. ಎರಡು ದಿನ ಕುಳಿತು ಬರೆದ ಬಳ್ಳಿಯನ್ನು ಅಳಿಸುವಾಗ ಅವಳಿಗೆ ನೋವಾಗದೆ ಇರಲಿಲ್ಲ. ಆದರೂ ಅಳಿಸಿದಳು. ಕೊನೆಗೆ ಉಳಿದುದು ಬಳಪದ ಕಲ್ಲಿನ ಬೂದುಬಣ್ಣದ ಪಟ್ಟಿ, ಅದರ ಕೆಳಗೆ ಕುಂಕುಮದ ಒಂದೇ ಒಂದು ಗೆರೆ.

ಅಂಚನ್ನು ಕಿರಿದುಗೊಳಿಸುವಾಗಲೂ ಮಿತಿಯಿತ್ತು. ಒಂದೇ ಚುಕ್ಕೆಯಷ್ಟು ತೆಳುವಾಗಿ ಮಾಡಿದಾಗ ನೋಟಕ್ಕೆ ಅಂದವಾಯಿತು. ಆದರೆ ಕಿಟಕಿಯನ್ನು ಹಿಗ್ಗಿಸಲು ಅಂಚನ್ನು ಹಿಡಿಯಹೋದರೆ ಕೈಗೆ ಸಿಕ್ಕದಾಯಿತು. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕಾಗುತ್ತದೆ ಎಂಬುದನ್ನು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿಯೇ ಅಳೆದು ತೋರಿಸಿದ್ದನು. ಆ ನಿಯಮವನ್ನು ಓದದೆಯೇ ಹುಡುಗಿ ಅದರ ಸತ್ಯವನ್ನು ಬೆರಳಿನಿಂದ ಕಲಿತು, ಅಂಚಿಗೆ ನಾಲ್ಕು ಚುಕ್ಕೆಗಳ ಅಗಲವನ್ನು ಕೊಟ್ಟಳು.

ಇಷ್ಟೆಲ್ಲ ಆದ ಮೇಲೆ ಚೌಕಟ್ಟು ಸಿದ್ಧವಾಯಿತೆಂದು ಅವಳು ತಿಳಿದಳು. ಅಲ್ಲಿಯವರೆಗೆ ಅವಳ ಯಂತ್ರದಲ್ಲಿ ಕಿಟಕಿಗಳ ಶೀರ್ಷಿಕೆಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಶಾಲೆಯಲ್ಲಿ ತಮ್ಮ ಊರನ್ನು ಕುರಿತು ಪ್ರಬಂಧ ಬರೆಯಲು ಹೇಳಿದಾಗ ಅವಳು ಮೊದಲ ಸಲ ಕನ್ನಡದಲ್ಲಿ ಬರೆದು, ಕಡತಕ್ಕೆ "ರಟ್ಟೀಹಳ್ಳಿ" ಎಂದು ಹೆಸರಿಟ್ಟಳು. ಕಿಟಕಿಯ ಹಣೆಯ ಮೇಲೆ ಆ ಹೆಸರು ಮೂಡಿತು. ಆದರೆ ಅಲ್ಲಿ ಇದ್ದುದು "ರಟೀಹಳಿ". ಟಕಾರದ ಕೆಳಗಿನ ಒತ್ತೂ ಇಲ್ಲ, ಳಕಾರದ ಕೆಳಗಿನ ಒತ್ತೂ ಇಲ್ಲ. ತಾನು ತಪ್ಪು ಬರೆದೆನೆಂದು ಅವಳು ಮೊದಲು ಭಾವಿಸಿದಳು. ಕಡತವನ್ನು ತೆರೆದು ನೋಡಿದರೆ ಬರವಣಿಗೆ ಸರಿಯಾಗಿಯೇ ಇತ್ತು. "ಕನ್ನಡ" ಎಂದು ಹೆಸರಿಟ್ಟು ನೋಡಿದಳು, "ಕನಡ" ಎಂದಾಯಿತು. "ಕತ್ತೆ" ಎಂದು ಇಟ್ಟರೆ "ಕತೆ" ಆಯಿತು. ತಮಾಷೆಗೆ ನಗುವಷ್ಟರಲ್ಲಿ ಅವಳ ಮುಖ ಸಪ್ಪಗಾಯಿತು. ಯಾರೂ ಬೇಕೆಂದು ಮಾಡಿದ ಅಪಚಾರ ಅದಲ್ಲ. ಆದರೂ ಅವಳ ಊರಿನ ಹೆಸರು ಅವಳದೇ ಮನೆಯಲ್ಲಿ ಅಂಗಹೀನವಾಗಿ ನಿಂತಿತ್ತು.

ಮಗಳು ಸುಮ್ಮನೆ ಕುಳಿತಿದ್ದುದನ್ನು ಕಂಡು ತಂದೆ ಉಳಿಯನ್ನು ಕೆಳಗಿಟ್ಟು ಬಂದನು. ಅವನಿಗೆ ಗಣಕಯಂತ್ರದ ವಿಷಯ ಏನೂ ತಿಳಿಯದು. ಪರದೆಯನ್ನು ಬಗ್ಗಿ ನೋಡಿ, ಆ ಪಟ್ಟಿಯ ಎತ್ತರ ಎಷ್ಟು ಎಂದು ಕೇಳಿದನು. ಇಪ್ಪತ್ತು ಚುಕ್ಕೆ ಎಂದಳು ಮಗಳು. ಒಳಗೆ ಬರುವ ಅಕ್ಷರದ ಎತ್ತರ ಎಷ್ಟು ಎಂದು ಮತ್ತೆ ಕೇಳಿದನು. ಅವಳು ಅದನ್ನು ಅಳೆದೇ ಇರಲಿಲ್ಲ. ಆಗ ಅವನು ಹೇಳಿದನು: "ಒಳಗ ಬರಾವ್ರು ಯಾರಂತ ಮೊದಲ ತಿಳ್ಕೋಬೇಕವ್ವಾ, ಆಮ್ಯಾಲ ಚೌಕಟ್ಟ ಕೊಯ್ಯಬೇಕು. ಇದನ್ನ ಮಾಡಿದಾಂವ ತಲಿ ಅಳತಿ ಅಷ್ಟ ತಗೊಂಡಾನ, ಕಾಲಿನ ಅಳತಿ ತಗೊಂಡಿಲ್ಲ."

ದೋಷದ ಮೂಲ ಅಲ್ಲಿಯೇ ಇತ್ತು. ಇಂಗ್ಲಿಷಿನ ಅಕ್ಷರಗಳು ಬಹುಮಟ್ಟಿಗೆ ಗೆರೆಯ ಮೇಲೆ ನಿಲ್ಲುವಂಥವು. ಕೆಲವಕ್ಕೆ ಮಾತ್ರ ಸಣ್ಣ ಬಾಲ ಕೆಳಗೆ ಇಳಿಯುತ್ತದೆ. ಕನ್ನಡದ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಏತ್ವಗಳಿದ್ದರೆ, ಕೆಳಗೆ ಒತ್ತು ಇರುತ್ತದೆ. "ಶಾಸ್ತ್ರ", "ರಾಷ್ಟ್ರ" ಎಂಬಂತಹ ಮಾತುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು. ಕನ್ನಡದ ಸಾಲು ಒಂದೇ ಅಂತಸ್ತಿನ ಮನೆಯಲ್ಲ. ಅದಕ್ಕೆ ಅಟ್ಟವೂ ಉಂಟು, ನೆಲಮಾಳಿಗೆಯೂ ಉಂಟು. ಹುಡುಗಿ ಬಳಸುತ್ತಿದ್ದ ಮೇಲ್ವಿಚಾರಕದಲ್ಲಿ ಶೀರ್ಷಿಕೆಯ ಪಟ್ಟಿಯ ಎತ್ತರ ಅಲ್ಲಿ ಇರಿಸಿದ ಚಿತ್ರದ ಎತ್ತರವನ್ನೇ ಅನುಸರಿಸುತ್ತದೆ. ಇಪ್ಪತ್ತು ಚುಕ್ಕೆಗಳ ಚಿತ್ರವನ್ನು ಇಟ್ಟರೆ ಪಟ್ಟಿ ಇಪ್ಪತ್ತೇ ಚುಕ್ಕೆ. ಅದಕ್ಕೆ ಮೀರಿದುದೆಲ್ಲ ಕತ್ತರಿಸಿಹೋಗುತ್ತದೆ. ಓಪನ್‌ಬಾಕ್ಸಿನಂತಹ ಮೇಲ್ವಿಚಾರಕಗಳು ಅಕ್ಷರದ ಅಳತೆಯಿಂದಲೇ ಪಟ್ಟಿಯ ಎತ್ತರವನ್ನು ಲೆಕ್ಕಹಾಕುತ್ತವೆ. ಅಲ್ಲಿಯೂ ಯಾವ ಲಿಪಿಯ ಅಕ್ಷರವನ್ನು ಅಳತೆಗೆ ಹಿಡಿಯಲಾಗಿದೆ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಕಾಲದಿಂದಲೂ ಒತ್ತಕ್ಷರಕ್ಕೆ ಎಲ್ಲಿ ಸ್ಥಳ ಕೊಡಬೇಕು ಎಂಬುದನ್ನು ಅಚ್ಚಿನ ಮನೆಯವರು ಯೋಚಿಸಬೇಕಾಯಿತು. ಗಣಕಯಂತ್ರ ಬಂದ ಮೇಲೆ ಅದೇ ಚಿಂತೆ ಬೇರೆ ರೂಪದಲ್ಲಿ ಬಂದಿತು. ಕೆ. ಪಿ. ರಾವ್ ಅವರಂತಹ ವಿದ್ವಾಂಸರು ಕನ್ನಡವನ್ನು ಗಣಕಯಂತ್ರದಲ್ಲಿ ಬೆರಳಚ್ಚಿಸುವ ಕ್ರಮವನ್ನು ರೂಪಿಸಿದರು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆ 1991ರಲ್ಲಿ ಪ್ರಕಟವಾದಾಗ ಕನ್ನಡಕ್ಕೂ 128 ಸ್ಥಾನಗಳು ಮೀಸಲಾದುವು. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳನ್ನು ಮಾಡಿದವರು ಅವುಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟರು. ಇಷ್ಟು ಜನರ ದುಡಿಮೆಯಿಂದ ಕನ್ನಡದ ಒತ್ತಕ್ಷರ ಹುಡುಗಿಯ ಯಂತ್ರದವರೆಗೆ ಕ್ಷೇಮವಾಗಿ ಬಂದಿತ್ತು. ಮನೆಯ ಹೊಸ್ತಿಲಿಗೆ ಬಂದು ಎಡವಿದುದು ಎಂಟು ಚುಕ್ಕೆಗಳ ಕೊರತೆಯಿಂದ.

ಎಂಟು ಚುಕ್ಕೆ ಎಂಬುದು ಅವಳು ಅಳೆದು ಕಂಡುಕೊಂಡ ಲೆಕ್ಕ. ಗುಡಿಸಿನ ನೆತ್ತಿಯಿಂದ ಒತ್ತಿನ ತುದಿಯವರೆಗೆ ಅವಳು ಆರಿಸಿದ ಅಕ್ಷರಕ್ಕೆ 24 ಚುಕ್ಕೆಗಳು ಬೇಕಾಗಿದ್ದುವು. ಮೇಲೆ ಎರಡು, ಕೆಳಗೆ ಎರಡು ಚುಕ್ಕೆಗಳ ಉಸಿರಾಟ ಸೇರಿಸಿದರೆ 28. ಇಪ್ಪತ್ತರ ಪಟ್ಟಿಯನ್ನು ಇಪ್ಪತ್ತೆಂಟು ಮಾಡುವುದೆಂದರೆ ಒಂದು ಸಂಖ್ಯೆಯನ್ನು ತಿದ್ದಿದಂತಲ್ಲ. ಪಟ್ಟಿಯ ಐದೂ ತುಂಡುಗಳು, ಮೇಲಿನ ಎರಡು ಮೂಲೆಗಳು, ಅವುಗಳ ಎಚ್ಚರದ ರೂಪ, ಮಂಕಾದ ರೂಪ, ಎಲ್ಲವನ್ನೂ ಮತ್ತೆ ಬರೆಯಬೇಕು. ಗುಂಡಿಗಳನ್ನು ಹೊಸ ಎತ್ತರದ ನಡುವಿಗೆ ತರಬೇಕು. ಪಟ್ಟಿ ದಪ್ಪವಾದಷ್ಟೂ ಓದುವ ಜಾಗ ಕಡಿಮೆಯಾಗುತ್ತದೆ. 768 ಚುಕ್ಕೆಗಳ ಪರದೆಯಲ್ಲಿ 28 ಎಂದರೆ ಸುಮಾರು ಇಪ್ಪತ್ತೇಳರಲ್ಲಿ ಒಂದು ಪಾಲು. ಆ ಪಾಲನ್ನು ಊರಿನ ಹೆಸರಿಗೆ ಕೊಡುವುದು ನ್ಯಾಯವೆಂದು ಅವಳಿಗೆ ತೋರಿತು. ದಸರೆಯ ರಜೆಯ ನಾಲ್ಕು ದಿನ ಕುಳಿತು ಎಣಿಸಿ, ಅಳಿಸಿ, ಮತ್ತೆ ಬರೆದಳು.

ಐದನೆಯ ದಿನ ಕಿಟಕಿಯ ಹಣೆಯ ಮೇಲೆ "ರಟ್ಟೀಹಳ್ಳಿ" ಎಂಬ ಹೆಸರು ಎರಡೂ ಒತ್ತುಗಳೊಡನೆ ನೆಟ್ಟಗೆ ನಿಂತಿತು. ಹುಡುಗಿ ತಂದೆಯನ್ನು ಕರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಈಗ ಕಾಲು ಊರೇತಿ" ಎಂದಷ್ಟೇ ಹೇಳಿದನು.

ಅಜ್ಜಿಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಬೂದುಬಣ್ಣದ ಪಟ್ಟಿಯ ಮೇಲೆ ತಿಳಿಬೂದಿಯ ಅಕ್ಷರ ಮುದುಕಿಯ ಕಣ್ಣಿಗೆ ಕಾಣಲಿಲ್ಲ. ಹಿನ್ನೆಲೆಗೂ ಅಕ್ಷರಕ್ಕೂ ಇರುವ ಹೊಳಪಿನ ಅಂತರವನ್ನು ಅಳೆಯುವ ಕ್ರಮವೊಂದುಂಟು. ಎರಡೂ ಒಂದೇ ಆದರೆ 1, ಅಚ್ಚ ಕಪ್ಪು ಮತ್ತು ಅಚ್ಚ ಬಿಳುಪಾದರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಇದು 4.5ಕ್ಕಿಂತ ಕಡಿಮೆ ಇರಬಾರದೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ಹೇಳುತ್ತದೆ. ಹುಡುಗಿ ಅಕ್ಷರವನ್ನು ಬಿಳುಪಾಗಿಸಿ ಪಟ್ಟಿಯನ್ನು ಇನ್ನಷ್ಟು ಗಾಢಗೊಳಿಸಿದಳು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಲೋಕದಲ್ಲಿವೆ ಎಂಬುದನ್ನು ತಿಳಿದು, ಗುಂಡಿಗಳ ಅರ್ಥ ಬಣ್ಣದಿಂದ ಮಾತ್ರವಲ್ಲದೆ ಆಕಾರದಿಂದಲೂ ಹೊಳೆಯುವಂತೆ ನೋಡಿಕೊಂಡಳು. ತನಗೆಂದು ಆರಂಭಿಸಿದ ಕೆಲಸ ಹೀಗೆ ಮೆಲ್ಲಮೆಲ್ಲನೆ ಇತರರ ಕೆಲಸವೂ ಆಯಿತು.

ಅವಳು ತಿದ್ದಿದ ಥೀಮ್ ಮೂಲದಲ್ಲಿ ಯಾರೋ ಅಪರಿಚಿತನು ಮಾಡಿದುದಾಗಿತ್ತು. ಅವನು ಅದನ್ನು ಜಿಪಿಎಲ್ ಎಂಬ ಪರವಾನಗಿಯೊಡನೆ ಬಿಟ್ಟುಕೊಟ್ಟಿದ್ದನು. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಪ್ರಕಟಿಸಿದ ಆ ಪರವಾನಗಿಯ ಸಾರ ಇಷ್ಟು: ಇದನ್ನು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವಾಗ ಪಡೆದವನಿಗೂ ಇದೇ ಸ್ವಾತಂತ್ರ್ಯವನ್ನು ಕೊಡಬೇಕು. ಬಾವಿಯ ನೀರು ಸೇದಿಕೊಂಡವನು ಹಗ್ಗವನ್ನು ಅಲ್ಲಿಯೇ ಬಿಟ್ಟು ಹೋಗಬೇಕೆಂಬ ಹಳ್ಳಿಯ ಕಟ್ಟಳೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಹುಡುಗಿ ಮೂಲಕರ್ತನ ಹೆಸರನ್ನು ಹಾಗೆಯೇ ಉಳಿಸಿ, ಕೆಳಗೆ ತನ್ನ ಹೆಸರನ್ನು ಸೇರಿಸಿ, ಆ ಥೀಮನ್ನು ಇತರರಿಗೂ ದೊರೆಯುವಂತೆ ಮಾಡಿದಳು. ಅದಕ್ಕೆ ಅವಳು ಇಟ್ಟ ಹೆಸರು ತನ್ನ ಊರಿನದೇ.

ಚೌಕಟ್ಟನ್ನು ಮಾಡುವವನಿಗೆ ಕೀರ್ತಿ ಕಡಿಮೆ. ಅವನ ಕೆಲಸ ಚೆನ್ನಾಗಿದ್ದಷ್ಟೂ ಅದು ಕಣ್ಣಿಗೆ ಬೀಳುವುದು ಕಡಿಮೆ. ಕದಂಬೇಶ್ವರನ ಗುಡಿಯನ್ನು ಕಟ್ಟಿದ ಕೈಗಳಾವುವೆಂದು ಅಲ್ಲಿ ಕೈಮುಗಿಯುವವರು ಕೇಳುವುದಿಲ್ಲ. ಬಡಗಿ ಮಾಡಿದ ಬಾಗಿಲನ್ನು ದಾಟಿ ಒಳಹೋಗುವವನು ಬಡಗಿಯನ್ನು ನೆನೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ನೆನೆಯುತ್ತಾನೆ. ಹುಡುಗಿಯ ಥೀಮನ್ನು ಬಳಸುವವರಿಗೂ ಅಲ್ಲಿ ವಿಶೇಷವೇನೂ ಕಾಣಲಾರದು. ತಮ್ಮ ಊರಿನ ಹೆಸರು, ತಮ್ಮ ಹೆಸರು, ತಮ್ಮ ಮಾತು ಇರಬೇಕಾದಂತೆಯೇ ಇದೆಯೆಂದು ಅವರು ತಮ್ಮ ಕೆಲಸದಲ್ಲಿ ತೊಡಗುತ್ತಾರೆ.

ರಟ್ಟೀಹಳ್ಳಿಯ ಆ ಮನೆಯಲ್ಲಿ ಈಗ ಎರಡು ಬಗೆಯ ಚೌಕಟ್ಟುಗಳು ಸಿದ್ಧವಾಗುತ್ತವೆ. ಅಂಗಳದಲ್ಲಿ ತಂದೆ ಗಜದಿಂದ ಮರವನ್ನು ಅಳೆಯುತ್ತಾನೆ; ಒಳಗೆ ಮಗಳು ಚುಕ್ಕೆಗಳನ್ನು ಎಣಿಸುತ್ತಾಳೆ. ಇಬ್ಬರೂ ಕೆಲಸಕ್ಕೆ ತೊಡಗುವ ಮುನ್ನ ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಒಂದೇ: ಇದರೊಳಗೆ ಬರುವವರು ಯಾರು?